ಎರಡನೇ ಗುಂಡಿನ ಹಟ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಜೀವವಿಲ್ಲದ ವಸ್ತುವಿನ ಮೇಲೆ ಅಷ್ಟೊಂದು ಕೋಪ ಮಾಡಿಕೊಂಡದ್ದು ಅದೊಂದೇ ಸಲ. ಆ ವಸ್ತು, ನಾನು ಕೊಂಡ ಒಂದು ಹಳೆಯ ಇಪ್ಪತ್ತೆರಡು ಬೋರಿನ ರೈಫಲ್ಲು.

ಚಾಮರಾಜಪುರಂನಲ್ಲಿ ನನ್ನದೊಂದು ರವಿಕೆ ಹೊಲಿಯುವ ಅಂಗಡಿ. ಕಾಲೇಜಿನ ದಿನಗಳಲ್ಲಿ ಖಾಕಿ ತೊಟ್ಟು ಕವಾಯತು ಮಾಡಿ ಒಂದಿಷ್ಟು ಗುಂಡು ಹಾರಿಸಿದ್ದೆ. ಮದುವೆ, ಮಕ್ಕಳು, ಮಂಡಿನೋವು ಯಾವುದರಿಂದಲೂ ಆ ರುಚಿ ಹೋಗಲಿಲ್ಲ. ಮಗಳ ಮದುವೆ ಮುಗಿಸಿದ ಮೇಲೆ ಊರಾಚೆಯ ರೈಫಲ್ ಕ್ಲಬ್ಬಿಗೆ ಸೇರಿದೆ. ಲೈಸೆನ್ಸಿಗಾಗಿ ಅಲೆದು ಅಲೆದು ಚಪ್ಪಲಿ ಸವೆದ ಹೊತ್ತಿಗೆ, ನಜರ್‌ಬಾದಿನ ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು ತಮ್ಮ ರೈಫಲ್ ಮಾರುತ್ತಿದ್ದಾರೆಂದು ತಿಳಿಯಿತು. ಕಣ್ಣು ಮಂಜಾಗಿ ಅವರಿಗೆ ಗುರಿಹಲಗೆ ಕಾಣಿಸದಂತಾಗಿತ್ತು. ಕಾಗದಪತ್ರವೆಲ್ಲ ಸರಿಯಾಗಿ ರೈಫಲ್ ನನ್ನ ಹೆಸರಿಗಾದ ದಿನ ಅವರು ಅದರ ಮರದ ಹಿಡಿಯನ್ನು ಒಮ್ಮೆ ಸವರಿ, "ನನ್ನ ಕೈಲಿ ಇದು ಒಂದಿನಾನೂ ಸಿಕ್ಕಾಕ್ಕೊಂಡಿಲ್ಲ ಕಣಮ್ಮ" ಅಂದರು.

ನನ್ನ ಕೈಗೆ ಬಂದ ಮೇಲೆ, ಮೊದಲ ಅಭ್ಯಾಸದಲ್ಲೇ ಸಿಕ್ಕಿಹಾಕಿಕೊಂಡಿತು.

ಈ ರೈಫಲ್ಲಿನ ಹೊಟ್ಟೆಯೊಳಗೆ ಕಬ್ಬಿಣದ ಪುಟ್ಟ ಡಬ್ಬಿಯೊಂದು ಕೂರುತ್ತದೆ. ಅದೇ ಮ್ಯಾಗಜಿನ್ನು. ಅದರಲ್ಲಿ ಐದು ಗುಂಡು ಒಂದರ ಮೇಲೊಂದು ಮಲಗಿರುತ್ತವೆ, ಕೆಳಗಿನ ಸ್ಪ್ರಿಂಗು ಅವನ್ನು ಮೇಲಕ್ಕೆ ಒತ್ತುತ್ತಿರುತ್ತದೆ. ಚಿಲಕದಂಥ ಬೋಲ್ಟನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಮೇಲಿನ ಗುಂಡು ನಳಿಗೆಯೊಳಕ್ಕೆ ಜಾರಬೇಕು. ಮೊದಲನೆಯದು ಜಾರುತ್ತಿತ್ತು. ಎರಡನೆಯದು ನಳಿಗೆಯ ಬಾಯಿಗೆ ಮೂಗು ತಗುಲಿಸಿಕೊಂಡು ನಿಂತುಬಿಡುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವುದನ್ನು ನಾನು ಕಣ್ಣಾರೆ ಕಂಡದ್ದು ಅಲ್ಲೇ.

ಕ್ಲಬ್ಬಿನವರು ಆ ವರ್ಷ ಮೊದಲ ಬಾರಿಗೆ ಹೆಂಗಸರ ತಂಡ ಕಟ್ಟುತ್ತಿದ್ದರು. ಮೂವರಿಗಷ್ಟೇ ಜಾಗ. ಪಂದ್ಯದಲ್ಲಿ ಐದು ಗುಂಡನ್ನೂ ಮ್ಯಾಗಜಿನ್ನಿನಿಂದಲೇ, ಗಡಿಯಾರದ ಲೆಕ್ಕದೊಳಗೆ ಹಾರಿಸಬೇಕಿತ್ತು. ಒಂದೊಂದಾಗಿ ಕೈಯಲ್ಲಿ ತುಂಬುವಂತಿರಲಿಲ್ಲ. ಹಾಗೆ ಕೈಯಲ್ಲಿ ತುಂಬಿ ನಿಧಾನವಾಗಿ ಹೊಡೆಯುವಾಗ ನನ್ನ ಗುರಿ ಅಲ್ಲಿದ್ದ ಹೆಂಗಸರಿಗಿಂತ ಮಾತ್ರವಲ್ಲ, ಅರ್ಧಕ್ಕರ್ಧ ಗಂಡಸರಿಗಿಂತಲೂ ಚೆನ್ನಾಗಿತ್ತು. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಆದರೆ ಗಡಿಯಾರ ಶುರುವಾಯಿತೋ, ಎರಡನೇ ಗುಂಡು ಹಟ ಹಿಡಿಯುತ್ತಿತ್ತು. ಕ್ಲಬ್ಬಿನ ಕಾರ್ಯದರ್ಶಿ ಮೀಸೆಯೊಳಗೇ ನಗುವ ಮನುಷ್ಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಪಕ್ಕದವರಿಗೆ ಹೇಳಿದರು, ನನಗೆ ಕೇಳಿಸಲಿ ಎಂದೇ ಹೇಳಿದರು. ಆಮೇಲೆ ಜೇಬಿನಿಂದ ಒಂದು ಪೆನ್ಸಿಲ್ ತೆಗೆದು ನನ್ನ ಕೈಗಿಟ್ಟರು.

"ಬರೋ ತಿಂಗಳು ಮೊದಲ್ನೇ ಭಾನುವಾರ ಆಯ್ಕೆ ಮೇಡಂ. ಅವತ್ತೂ ಹಿಂಗೇ ಆದ್ರೆ ನೀವು ಸ್ಕೋರ್ ಬರ್ಕೊಳ್ಳಿ. ಅದಕ್ಕೂ ಜನ ಬೇಕಲ್ಲ."

ಪೆನ್ಸಿಲ್ ತೆಗೆದುಕೊಂಡು ಬಂದೆ. ಕ್ಲಬ್ಬಿನ ರೈಫಲ್ಲನ್ನೇ ಎರವಲು ತಗೊಳ್ಳಿ ಎಂದು ಗೆಳತಿಯರು ಬುದ್ಧಿ ಹೇಳಿದರು. ಒಪ್ಪಲಿಲ್ಲ. ನನ್ನ ಮನೆಯ ಒಲೆ ಉರಿಯದಿದ್ದರೆ ಪಕ್ಕದ ಮನೆಯಲ್ಲಿ ಅಡುಗೆ ಮಾಡುವ ಜಾಯಮಾನ ನನ್ನದಲ್ಲ.

ಮೊದಲ ಅನುಮಾನ ನನ್ನ ಭಕ್ತಿಯ ಮೇಲೆಯೇ ಬಂತು. ರೈಫಲ್ ಮನೆಗೆ ಬಂದ ವಾರವೇ ಆಯುಧಪೂಜೆ. ಹೊಲಿಗೆ ಯಂತ್ರಗಳ ಸಾಲಿನಲ್ಲಿ ಅದನ್ನೂ ಮಲಗಿಸಿ, ಯಾರಿಗೂ ಕಡಿಮೆಯಾಗದಂತೆ ಗಂಧ ಕುಂಕುಮ ಬಳಿದಿದ್ದೆ. ಮ್ಯಾಗಜಿನ್ ಬಿಚ್ಚಿ ನೋಡಿದರೆ ಕುಂಕುಮವೂ ಎಣ್ಣೆಯೂ ಸೇರಿ ಸ್ಪ್ರಿಂಗಿನ ಸುರುಳಿಗಳ ನಡುವೆ ಉಪ್ಪಿನಕಾಯಿಯ ಖಾರದಂತೆ ಮೆತ್ತಿಕೊಂಡಿತ್ತು. ದೇವರ ಕ್ಷಮೆ ಕೇಳಿ, ಯಂತ್ರ ಒರೆಸುವ ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ ತೆಗೆದೆ. ಸ್ಪ್ರಿಂಗು ಹೊಸದರಂತೆ ಪುಟಿಯಿತು. ಭಾನುವಾರ ಹೋಗಿ ಹೊಡೆದರೆ ಎರಡನೇ ಗುಂಡು ಮತ್ತೆ ಅಲ್ಲೇ ನಿಂತಿತು.

ಬೇರೆ ಕಂಪನಿಯ ಗುಂಡು ತಂದು ನೋಡಿದೆ. ನಳಿಗೆಯ ಬಾಯಲ್ಲಿ ಕೂತಿದ್ದ ಮೇಣದಂಥ ಕೊಳೆಯನ್ನು ಕೆರೆದೆ. ಈ ಗುಂಡುಗಳ ಬುಡದಲ್ಲಿ ಹೊರಕ್ಕೆ ಚಾಚಿದ ಅಂಚೊಂದಿರುತ್ತದೆ. ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಬಿದ್ದರೆ ಎರಡೂ ಕೊಕ್ಕೆ ಹಾಕಿಕೊಳ್ಳುತ್ತವೆ ಎಂದು ಯಾರೋ ಹೇಳಿದರು. ಸೀರೆಯ ನೆರಿಗೆ ಕೂರಿಸುವಷ್ಟು ತಾಳ್ಮೆಯಿಂದ, ಮೇಲಿನ ಪ್ರತಿಯೊಂದು ಅಂಚನ್ನೂ ಕೆಳಗಿನದರ ಮುಂದೆ ಬರುವಂತೆ ಜೋಡಿಸಿದೆ. ಏನೂ ಪ್ರಯೋಜನವಾಗಲಿಲ್ಲ. ತಾಳಿದವನು ಬಾಳಿಯಾನು ಎಂದವರು ರೈಫಲ್ ಇಟ್ಟುಕೊಂಡಿರಲಿಲ್ಲವೆಂದು ಕಾಣುತ್ತದೆ.

ಕಡೆಗೆ ಕನ್ನಡಿಯ ಮುಂದಿದ್ದ ಕಾಡಿಗೆ ಡಬ್ಬಿ ನೆರವಿಗೆ ಬಂತು. ಕ್ಲಬ್ಬಿನಿಂದ ತಂದಿದ್ದ, ಮದ್ದಿಲ್ಲದ ತಾಲೀಮು ಗುಂಡುಗಳ ಮೂಗಿಗೆ ಕಾಡಿಗೆ ಹಚ್ಚಿ ಬೋಲ್ಟ್ ತಳ್ಳಿದೆ. ಟಾರ್ಚು ಹಿಡಿದು ನೋಡಿದರೆ ಕಪ್ಪು ಗುರುತು ನಳಿಗೆಯ ಬಾಯಿಯ ಕೆಳಗಡೆ ಬಿದ್ದಿತ್ತು. ಅಂದರೆ ಮ್ಯಾಗಜಿನ್ನು ಒಂದು ನೂಲಿನಷ್ಟು ತಗ್ಗಿನಲ್ಲಿ ಕೂರುತ್ತಿತ್ತು. ಹೆಬ್ಬೆರಳಿನಿಂದ ಅದನ್ನು ಮೇಲಕ್ಕೆ ಒತ್ತಿಹಿಡಿದಾಗ ಐದೂ ಗುಂಡು ಸಲೀಸಾಗಿ ಒಳಗೆ ಹೋದವು. ಆದರೆ ಪಂದ್ಯದಲ್ಲಿ ಅಲ್ಲಿ ಹೆಬ್ಬೆರಳು ಒತ್ತಿಕೊಂಡು ಗುರಿ ಹಿಡಿಯುವುದು ಸಾಧ್ಯವೇ? ಸವೆದ ಮಾಲನ್ನು ಮೇಷ್ಟ್ರು ನನ್ನ ತಲೆಗೆ ಕಟ್ಟಿದ್ದಾರೆಂದು ತೀರ್ಮಾನಿಸಿದೆ. ಮಾರನೆಯ ದಿನ ನಜರ್‌ಬಾದಿಗೆ ಹೋಗಿ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಪಾಠ ಮಾಡಿಕೊಂಡೆ.

ಬೆಳಿಗ್ಗೆ ಅಂಗಡಿಯಲ್ಲಿ ಎರಡು ಯಂತ್ರಗಳಿಗೆ ಎಣ್ಣೆ ಬಿಟ್ಟು ಹೊಲಿಯಲು ಕೂತೆ. ದಾರ ಕೆಳಗೆ ಗಂಟು ಗಂಟಾಗಿ ಸುತ್ತಿಕೊಂಡಿತು. ಸಿಟ್ಟಿನ ಭರದಲ್ಲಿ ಒಂದರ ಕೆಳದಾರದ ಬಾಬಿನ್ ಕೇಸನ್ನು ಇನ್ನೊಂದಕ್ಕೆ ಹಾಕಿಬಿಟ್ಟಿದ್ದೆ. ಎರಡೂ ಒಂದೇ ಕಂಪನಿಯವು, ನೋಡಲು ಅವಳಿಜವಳಿ. ಆದರೂ ವರ್ಷಗಟ್ಟಲೆ ತನ್ನ ಯಂತ್ರದೊಂದಿಗೆ ಸವೆದ ಕೇಸು ಬೇರೆಯದರಲ್ಲಿ ಹೊಂದುವುದಿಲ್ಲ. ಬದಲಾಯಿಸಿ ಹಾಕಿದೆ, ಹೊಲಿಗೆ ನೆಟ್ಟಗಾಯಿತು. ಇನ್ನೇನು ಪೆಡಲ್ ತುಳಿಯಬೇಕು, ಕಾಲು ಅಲ್ಲೇ ನಿಂತಿತು. ರೈಫಲ್ ಕೊಳ್ಳುವಾಗ ಅದರ ನಂಬರನ್ನು ಹತ್ತು ಕಡೆ ತಾಳೆ ನೋಡಿದ್ದರು. ಮ್ಯಾಗಜಿನ್ನಿನ ಮೇಲೆ ನಂಬರೇ ಇರಲಿಲ್ಲ. ಅರ್ಧ ಹೊಲಿದ ರವಿಕೆಯನ್ನು ಹಾಗೆಯೇ ಬಿಟ್ಟು ಅಂಗಡಿಯ ಬಾಗಿಲೆಳೆದೆ. ಮ್ಯಾಗಜಿನ್ನನ್ನೂ ತಾಲೀಮು ಗುಂಡುಗಳನ್ನೂ ಬಾಬಿನ್ ಡಬ್ಬಿಯಲ್ಲಿ ಹಾಕಿಕೊಂಡು ಹೊರಟೆ.

ನಜರ್‌ಬಾದಿನಲ್ಲಿ ಮೇಷ್ಟ್ರು ಜಗಲಿಯ ಮೇಲೆ ಕೂತಿದ್ದರು. ಬೈಗುಳದ ಪಾಠ ಮರೆತುಹೋಗಿತ್ತು. ಇದು ನಿಮ್ಮ ಮ್ಯಾಗಜಿನ್ನೇನಾ ಎಂದಷ್ಟೇ ಕೇಳಿ ಅವರ ಅಂಗೈಯಲ್ಲಿಟ್ಟೆ. ಅವರು ಅದರ ಅಂಚನ್ನೆಲ್ಲ ಹೆಬ್ಬೆರಳಿನಿಂದ ಸವರಿ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು. ಎಲೆಕ್ಷನ್ ಬಂದಾಗ ಲೈಸೆನ್ಸಿನ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕಲ್ಲ, ಕಳೆದ ಎಲೆಕ್ಷನ್ ಮುಗಿದ ಮೇಲೆ ಇವರೂ ಬಿಡಿಸಿಕೊಂಡು ಬರಲು ಹೋಗಿದ್ದರು. ಮುಂದೆ ನಿಂತಿದ್ದವರು ಇಲವಾಲದಲ್ಲಿ ಹಿಟ್ಟಿನ ಗಿರಣಿ ಇಟ್ಟವರು. ಅವರದೂ ಇಂಥದ್ದೇ ರೈಫಲ್ಲು. ಇಬ್ಬರೂ ಮೇಜಿನ ಮೇಲೆ ಮ್ಯಾಗಜಿನ್ ಕಳಚಿಟ್ಟು, ಬಂದೂಕು ಖಾಲಿಯಿದೆಯೆಂದು ತೋರಿಸಿದ್ದರು.

"ಆವತ್ತಿಗಾಗ್ಲೇ ನಂಗೆ ಕಾಣ್ತಿರ್ಲಿಲ್ಲ ಕಣಮ್ಮ," ಅಂದರು ಮೇಷ್ಟ್ರು. "ಯಾರಿಗೂ ಹೇಳಿರ್ಲಿಲ್ಲ. ಕೈಗೆ ಸಿಕ್ಕಿದ್ದನ್ನ ಎತ್ಕೊಂಡು ಬಂದ್ಬುಟ್ಟೆ."

ಆಮೇಲೆ ಅವರು ಒಂದು ಗುಂಡನ್ನೂ ಹಾರಿಸಿರಲಿಲ್ಲ. ಅವರ ಕೈಯಲ್ಲಿ ಅದು ಸಿಕ್ಕಿಹಾಕಿಕೊಳ್ಳದೇ ಇದ್ದದ್ದು ಅಕ್ಷರಶಃ ನಿಜವಾಗಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಬನ್ನಿ ಮೇಷ್ಟ್ರೇ, ಈಗಲೇ ಸ್ಕೂಟರ್ ಹತ್ತಿ ಎಂದೆ. ಮ್ಯಾಗಜಿನ್ನನ್ನು ಮತ್ತೆ ಬಾಬಿನ್ ಡಬ್ಬಿಗೆ ಹಾಕಿಕೊಂಡು, ಹಿಂದೆ ಮೇಷ್ಟ್ರನ್ನು ಕೂರಿಸಿಕೊಂಡು ಹುಣಸೂರು ರಸ್ತೆಯಲ್ಲಿ ಇಲವಾಲಕ್ಕೆ ಹೊರಟೆ. ಪ್ರತಿ ರಸ್ತೆಯುಬ್ಬಿಗೂ ಅವರು ನನ್ನ ಭುಜ ಹಿಡಿದು, ಮೆಲ್ಲಗೆ ಕಣಮ್ಮ ಎನ್ನುತ್ತಿದ್ದರು.

ಗಿರಣಿಯವರು ಮೈತುಂಬ ರಾಗಿಹಿಟ್ಟು ಮೆತ್ತಿಕೊಂಡು ಹೊರಗೆ ಬಂದರು. ವಿಷಯ ಕೇಳಿದ್ದೇ ಬೀರುವಿನಿಂದ ರೈಫಲ್ ತಂದರು. ಅದರ ಕೊರಳಿಗೆ ಒಣಗಿದ ನಿಂಬೆಹಣ್ಣು ನೇತಾಡುತ್ತಿತ್ತು. ಜೋಳದ ಹೊಲಕ್ಕೆ ನುಗ್ಗುವ ಹಂದಿಗಳನ್ನು ಹೆದರಿಸಲು ಅವರು ಗಾಳಿಯಲ್ಲಿ ಗುಂಡು ಹಾರಿಸುತ್ತಿದ್ದರಂತೆ. ಎಲೆಕ್ಷನ್ ಆದಮೇಲೆ ಒಂದು ಹಾರಿದರೆ ಇನ್ನೊಂದಿಲ್ಲ. ಹಂದಿಯೂ ತಾವೂ ಮುಖ ಮುಖ ನೋಡಿಕೊಂಡು ನಿಂತದ್ದೂ ಉಂಟಂತೆ. ಯಾರದೋ ಕಣ್ಣು ಬಿದ್ದಿದೆಯೆಂದು ಬಂದೂಕಿಗೆ ತಡೆ ಒಡೆಸಿದ್ದರು. ಮಾರಮ್ಮನಿಗೆ ಕೋಳಿಯನ್ನೂ ಕೊಟ್ಟಿದ್ದರು.

ಇಷ್ಟೆಲ್ಲ ಹೇಳಿದ ಮನುಷ್ಯ, ಮ್ಯಾಗಜಿನ್ ಬದಲಾಯಿಸಿಕೊಳ್ಳೋಣ ಎಂದ ಕೂಡಲೇ ಕೈ ಹಿಂದಕ್ಕೆಳೆದುಕೊಂಡರು. ಪೇಟೆಯವರು ಇಷ್ಟು ದೂರ ಹುಡುಕಿಕೊಂಡು ಬಂದಿದ್ದಾರೆಂದರೆ ತಮ್ಮದರಲ್ಲೇ ಏನೋ ಬೆಲೆಬಾಳುವುದು ಇರಬೇಕೆಂಬ ಗುಮಾನಿ. ತಮ್ಮದು ತಮಗಿರಲಿ ಎಂದು ಗೋಣು ಅಲ್ಲಾಡಿಸಿದರು. ಆಯ್ಕೆಗೆ ಮೂರೇ ದಿನ ಉಳಿದಿತ್ತು, ನನ್ನ ಜಾಗ ಅವರ ಹಿಟ್ಟು ಮೆತ್ತಿದ ಮುಷ್ಟಿಯಲ್ಲಿತ್ತು. ಬಾಯಿಗೆ ಬಂದ ಮಾತನ್ನು ಬಹಳ ಕಷ್ಟಪಟ್ಟು ನುಂಗಿಕೊಂಡೆ.

ಮೊರದಲ್ಲಿ ರಾಗಿ ಕೇರುತ್ತಿದ್ದ ಅವರ ಹೆಂಡತಿ ತಲೆಯನ್ನೂ ಎತ್ತದೆ, "ಕೆಟ್ಟಿರೋದನ್ನ ಕೊಡಾಕೆ ಅದೇನ್ ಅಷ್ಟೊಂದ್ ಯೋಚ್ನೆ?" ಅಂದರು.

ಬಾಬಿನ್ ಡಬ್ಬಿ ತೆರೆದು, ತಾಲೀಮು ಗುಂಡು ತುಂಬಿದ ನನ್ನ ಮ್ಯಾಗಜಿನ್ನನ್ನು ಅವರ ಮುಂದೆ ಹಿಡಿದು, ಹಾಕಿ ನೋಡಿ ಎಂದೆ. ಅದು ಅವರ ರೈಫಲ್ಲಿನೊಳಗೆ ಟಕ್ಕೆಂದು ಕೂತ ಸದ್ದಿಗೇ ಮೇಷ್ಟ್ರು ತಲೆದೂಗಿದರು. ಗಿರಣಿಯವರು ಬೋಲ್ಟ್ ಎಳೆದು ತಳ್ಳಿದರು. ಒಂದು ಹೋಯಿತು. ಎರಡನೆಯದೂ ಹೋಯಿತು. ಐದೂ ಬೆಣ್ಣೆಯಲ್ಲಿ ಕೂದಲೆಳೆದಂತೆ ಒಳಗೆ ಹೋಗಿ ಹೊರಗೆ ಬಂದು ಜಗಲಿಯ ಮೇಲೆ ಉರುಳಿದವು. ಅವರು ಇನ್ನೊಮ್ಮೆ ತುಂಬಿ, ಇನ್ನೊಮ್ಮೆ ನೋಡಿ, ಹಿಟ್ಟಿನ ಮುಖದಲ್ಲಿ ಹಲ್ಲೆಲ್ಲ ಕಾಣುವಂತೆ ನಕ್ಕರು. ಸುಮ್ಮನೆ ಒಂದು ಕೋಳಿ ಹೋಯಿತು ಎಂದು ಅವರ ಹೆಂಡತಿ ಮೊರವನ್ನು ಕೆಳಗಿಟ್ಟರು. ನಮ್ಮನ್ನು ಊಟ ಮಾಡಿಸದೆ ಕಳಿಸಲಿಲ್ಲ. ಬಿಸಿ ಮುದ್ದೆ, ಬಸ್ಸಾರು. ಮೇಷ್ಟ್ರು ತಮ್ಮ ಹಳೆಯ ಮ್ಯಾಗಜಿನ್ನನ್ನು ಎಡಗೈಯಲ್ಲಿ ಹಿಡಿದುಕೊಂಡೇ ಉಂಡರು.

ಭಾನುವಾರ ಮೇಷ್ಟ್ರನ್ನೂ ಕ್ಲಬ್ಬಿಗೆ ಕರೆದುಕೊಂಡು ಹೋದೆ. ಗುಂಡು ಹಾರಿಸುವ ಗೆರೆಯ ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ. ನನ್ನ ಜಾಗಕ್ಕೆ ಇನ್ನೊಬ್ಬಾಕೆಯನ್ನು ಆಗಲೇ ತಯಾರಾಗಿ ನಿಲ್ಲಿಸಿದ್ದರು. ಕಾರ್ಯದರ್ಶಿ ಗಡಿಯಾರ ಹಿಡಿದು, ಶುರು ಮಾಡೋಣವಾ ಎಂದು ಮೀಸೆಯೊಳಗೇ ನಕ್ಕರು.

ಮೊದಲನೆಯದು ಹಾರಿತು. ಬೋಲ್ಟ್ ಎಳೆದೆ. ತಳ್ಳಿದೆ. ಎರಡನೇ ಗುಂಡು ಹಟವಿಲ್ಲದೆ, ಸದ್ದಿಲ್ಲದೆ ಒಳಗೆ ಹೋಯಿತು. ಆಗ ನನಗಾದ ಆನಂದವನ್ನು ಹೇಗೆ ಹೇಳಲಿ, ಮಗಳು ಹುಟ್ಟಿ ಮೊದಲ ಸಲ ಅತ್ತಾಗ ಅಂಥ ನೆಮ್ಮದಿಯಾಗಿತ್ತು. ಮಿಕ್ಕ ಮೂರನ್ನು ಹೊಡೆದದ್ದು ನಾನೋ ನನ್ನ ಸಂತೋಷವೋ ಗೊತ್ತಿಲ್ಲ. ಗಡಿಯಾರದಲ್ಲಿ ಇನ್ನೂ ಹೊತ್ತು ಮಿಕ್ಕಿತ್ತು.

ಗುರಿಹಲಗೆಯ ಕಾಗದ ಬಂತು. ಐದೂ ಕಪ್ಪು ವೃತ್ತದ ಒಳಗೇ ಇದ್ದವು. ಮೇಷ್ಟ್ರಿಗೆ ಕಾಣುವುದಿಲ್ಲವಲ್ಲ, ಅವರ ತೋರುಬೆರಳನ್ನು ಹಿಡಿದು ತೂತುಗಳ ಮೇಲೆ ಒಂದೊಂದಾಗಿ ಇರಿಸಿದೆ. "ನಾನ್ ಹೇಳಿರ್ಲಿಲ್ವಾ" ಅಂದರು, ಕಾರ್ಯದರ್ಶಿಗೂ ಕೇಳಿಸುವಂತೆ.

ಕಾರ್ಯದರ್ಶಿ ಸ್ಕೋರಿನ ಹಾಳೆ ಹಿಡಿದುಕೊಂಡು ಜೇಬು ತಡಕುತ್ತಿದ್ದರು. ಅವರ ಪೆನ್ಸಿಲ್ ನನ್ನ ತುರುಬಿನಲ್ಲಿತ್ತು. ತಿಂಗಳಿಡೀ ಅದರಲ್ಲಿ ರವಿಕೆಯ ಕೊರಳು ಗುರುತು ಮಾಡಿ ಅರ್ಧ ಸವೆಸಿದ್ದೆ, ಆದರೂ ಮೊನೆ ಚೆನ್ನಾಗಿತ್ತು. ತೆಗೆದು ಅವರ ಕೈಗಿಟ್ಟೆ.

"ಬರ್ಕೊಳ್ಳಿ ಸಾರ್," ಎಂದೆ.

ಅವರು ಬರೆದುಕೊಂಡರು.