ಭಾವನವರ ಮೋಟಾರಿನ ಹಲಗೆ

ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವನವರು, ಮೋಟಾರು ಕೊಂಡದ್ದು ಹತ್ತಿ ವ್ಯಾಪಾರ ಕೈಹಿಡಿದ ವರ್ಷ. ಮಹಾರಾಜರ ಸರ್ಕಾರದಲ್ಲಿ ದೊಡ್ಡ ಕೆಲಸದಲ್ಲಿದ್ದ ಬೆಂಗಳೂರಿನವರು ಯಾರೋ ಓಡಿಸಿ ಓಡಿಸಿ ಬೇಸರವಾಗಿ ಮಾರಿದ ಗಾಡಿ ಅದು. ಹಿರಿಯೂರಿಗೆ ಅದು ಬಂದ ದಿನದಿಂದ ಭಾವನವರು ನಡೆಯುವುದನ್ನೇ ಮರೆತರು. ನಮ್ಮ ಮನೆಯಿಂದ ಮಂಡಿಗೆ ಕೂಗಿದರೆ ಕೇಳುವಷ್ಟು ದೂರ. ಅಲ್ಲಿಗೂ ಮೋಟಾರೇ ಆಗಬೇಕು.

ಓಡಿಸುವವರ ಎದುರಿಗೆ ಅಡ್ಡಕ್ಕೆ ಒಂದು ಮರದ ಹಲಗೆ ಇತ್ತು. ಈಗಿನವರು ಡ್ಯಾಶ್‌ಬೋರ್ಡು ಅನ್ನುತ್ತಾರೆ. ಅದರಲ್ಲಿ ಮುಳ್ಳಾಡುವ ಎರಡು ದುಂಡನೆಯ ಗಾಜು, ದೀಪ ಹಚ್ಚುವ ಗುಂಡಿ, ಹಾರ್ನಿನ ಗುಂಡಿ. ಭಾವನವರಿಗೆ ಎಂಜಿನ್ನಿನ ಗೊಡವೆಯೇ ಇಲ್ಲ, ಭಕ್ತಿಯೆಲ್ಲ ಆ ಹಲಗೆಯ ಮೇಲೆ. ಸೋಮವಾರ ಬಂತೆಂದರೆ ಮಡಿಯುಟ್ಟು, ಗಾಜುಗಳಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಹೂವಿಟ್ಟು, ಕಾಯಿ ಒಡೆದು ಅದರ ನೀರನ್ನು ಹಲಗೆಯ ನೆತ್ತಿಗೆ ಸುರಿಯುತ್ತಿದ್ದರು. ಚಕ್ರಗಳಿಗೆ ನಿಂಬೆಹಣ್ಣು ಸಾಕಂತೆ, ಹಲಗೆಗೆ ಅಭಿಷೇಕವೇ ಆಗಬೇಕಂತೆ. ಹಾಲು, ಸಕ್ಕರೆ ಬೀಳುವ ಸೋಮವಾರಗಳೂ ಇದ್ದವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಲಗೆ ನೀರು ಕುಡಿದು ಉಬ್ಬಿ, ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಯಿತು. ಹಿಂದೆ ತಂತಿಗಳು ಕಿಲುಬು ಹಿಡಿದವು, ಇರುವೆಗಳು ಸಂಸಾರ ಹೂಡಿದವು.

ಅದೇ ಹೊತ್ತಿಗೆ ಹೊಸದುರ್ಗದಿಂದ ಸುದ್ದಿ ಬಂತು. ಭಾವನವರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅವಳ ತಾಯಿ ಹಾಸಿಗೆ ಹಿಡಿದಿದ್ದರು. ಗಂಜಿಯೂ ಇಳಿಯುತ್ತಿರಲಿಲ್ಲ, ಮಗಳೆಲ್ಲಿ ಎಂದು ಕೇಳುತ್ತಿದ್ದರಂತೆ.

"ಗಾಡಿ ಕಟ್ಟಿಸಿ ಕೊಡ್ರಿ, ನೋಡ್ಕಂಡು ಬರ್ತೀನಿ" ಅಂದಳು ಅಕ್ಕ.

"ಮನ್ಯಾಗೆ ಮೋಟಾರು ಇಟ್ಕಂಡು ಎತ್ತಿನ ಗಾಡಿಯಾಗೆ ಹೋಗ್ತೀಯೇನು? ನಿಮ್ಮೂರಾಗೆ ನನ್ನ ಮರ್ಯಾದೆ ಏನಾಗ್ಬೇಕು? ಹಲಿಗೆ ಒಂದು ಸರಿಯಾಗ್ಲಿ, ಜಮ್ಮಂತ ಹೋಗಾಣ" ಅಂದರು ಭಾವನವರು.

ಹಲಗೆ ಬಿಚ್ಚುವುದಕ್ಕೆ ಅಯ್ಯನವರನ್ನು ಕರೆಸಿ ಗಳಿಗೆ ಕೇಳಿದರು. ಒಳ್ಳೆಯ ಗಳಿಗೆ ಸಿಗುವವರೆಗೆ ಅಕ್ಕನ ತಾಯಿ ಕಾಯಬೇಕು ನೋಡಿ. ಕೊನೆಗೆ ತಾವೇ ತಿರುಪುಳಿ ಹಿಡಿದು ಕೂತರು. ಯಾವ ತಂತಿ ಎಲ್ಲಿತ್ತು ಅಂತ ಗುರುತು ಮಾಡಿಕೊಳ್ಳಿ ಎಂದು ನನ್ನ ಗಂಡ ಮೆಲ್ಲಗೆ ಅಂದರೆ, "ನಂಗೆ ಗೊತ್ತೈತೆ ಹೋಗಲೇ" ಎಂದು ಗದರಿ, ಎಲ್ಲವನ್ನೂ ಸೊಪ್ಪು ಕೀಳುವ ಹಾಗೆ ಕಿತ್ತರು. ಬಿಚ್ಚಿದ ಹಲಗೆಯನ್ನು ಪಡಸಾಲೆಯಲ್ಲಿ ಮಣೆಯ ಮೇಲೆ ಮಲಗಿಸಿದರು. ಹೆಂಗಸರು ಅದನ್ನು ದಾಟಬಾರದೆಂದು ಅಪ್ಪಣೆಯಾಯಿತು.

ಬಡಗಿ ಸಾಹೇಬರು ಹಳೆಯದರ ಅಳತೆಗೆ ಹೊನ್ನೆ ಮರದಲ್ಲಿ ಹೊಸ ಹಲಗೆ ಮಾಡಿಕೊಟ್ಟರು. ಅಷ್ಟಕ್ಕೆ ಮುಗಿಯಬೇಕಿತ್ತು. ಭಾವನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಬೋಳಾಗೈತೆ" ಎಂದು ವಾಪಸ್ಸು ಕಳಿಸಿದರು. ನಡುವೆ ಬಸವಣ್ಣನನ್ನು ಕೆತ್ತಬೇಕಂತೆ. ಕೆತ್ತಿ ತಂದರೆ ಬಸವಣ್ಣನ ಕೋಡು ಮೊಂಡಾಯಿತು ಅಂದರು. ಕೋಡು ಸರಿಹೋದ ಮೇಲೆ ಅರಗಿನ ಬಣ್ಣ, ಅದು ಒಣಗಿದ ಮೇಲೆ ಮತ್ತೊಂದು ಸಲ ಬಣ್ಣ. ಹೊಸದುರ್ಗದಿಂದ ಎರಡನೆಯ ಸಲ ಹೇಳಿಕಳಿಸಿದರು. ಅಕ್ಕ ಒಲೆಯ ಮುಂದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಆ ಪುಣ್ಯಾತ್ಮರು ಪಡಸಾಲೆಯಲ್ಲಿ ಕೂತು ಬಸವಣ್ಣನ ಡುಬ್ಬ ಉಜ್ಜುತ್ತಿದ್ದರು. ನನ್ನ ಮೈಯೆಲ್ಲ ಉರಿದುಹೋಗುತ್ತಿತ್ತು. ಭಾವನ ಎದುರು ಬಾಯಿ ತೆರೆಯುವ ಕಾಲವಲ್ಲ ಅದು, ಪಾತ್ರೆಗಳನ್ನು ಕುಕ್ಕಿ ಸುಮ್ಮನಾಗುತ್ತಿದ್ದೆ.

ಒಂದು ಮಧ್ಯಾಹ್ನ ಅಂಗಳದಲ್ಲಿದ್ದ ಮೋಟಾರಿಗೆ ಬಿಸಿಲು ಬಿತ್ತು. ಕೂರುವ ಮೆತ್ತೆಯ ಚರ್ಮ ಬಿರಿದೀತು ಎಂದು ಭಾವನವರು ಓಡಿ ಬಂದು, ಹ್ಯಾಂಡಲ್ ಹಾಕಿ ತಿರುಗಿಸಿ, ಗಾಡಿಯನ್ನು ಗುರ್ರೆನ್ನಿಸಿ ಹಿತ್ತಲಿನ ಬೇವಿನ ಮರದ ಕೆಳಗೆ ತಂದು ನಿಲ್ಲಿಸಿದರು. ಹಲಗೆ ಇರಲಿಲ್ಲ, ತಂತಿಗಳು ಜೋತಾಡುತ್ತಿದ್ದವು. ಅಕ್ಕ ಬಾವಿಯ ಹತ್ತಿರ ಕೊಡ ಹಿಡಿದು ನಿಂತಿದ್ದಳು.

"ಹಲಿಗೆ ಇಲ್ದೆ ಓಡ್ತತಲ್ರಿ" ಅಂದಳು.

"ಓಡ್ದೇ ಏನು, ಎಂಜಿನ್ನಿಗೆ ಏನಾಗೈತೆ? ಹಂಗಂತ ಕರುಳು ಹೊರಗೆ ಹಾಕ್ಕಂಡು ಬೀಗರ ಊರಿಗೆ ಹೋಗಾಕಾಗ್ತತೇನು?"

ಅಕ್ಕ ಕೊಡ ಕೆಳಗಿಟ್ಟಳು.

ಮರುದಿನ ಭಾವನವರು ಬಡಗಿಯ ಮನೆಗೆ ಹೋದದ್ದೇ ತಡ, ಅಕ್ಕ ಸೀರೆಯ ಗಂಟು ಕಟ್ಟಿದಳು. ನನ್ನ ಗಂಡ ಅಣ್ಣನ ಮುಂದೆ ಕೆಮ್ಮುವುದಕ್ಕೂ ಹೆದರುವವರು, ಆದರೂ ಅವತ್ತು ಗಾಡಿ ಕಟ್ಟಿದರು. ನಾನೂ ಹತ್ತಿ ಕೂತೆ. ದಾರಿಯುದ್ದಕ್ಕೂ ಅಕ್ಕ "ಜೋರಾಗಿ ಹೊಡೀರಿ" ಎಂಬ ಮಾತನ್ನು ಬಿಟ್ಟು ಬೇರೇನೂ ಆಡಲಿಲ್ಲ.

ಹೊಸದುರ್ಗ ಮುಟ್ಟಿದಾಗ ಮುದುಕಿಗೆ ಇನ್ನೂ ಪ್ರಜ್ಞೆ ಇತ್ತು. ಮಗಳ ಮುಖವನ್ನು ಕೈಯಿಂದ ಸವರಿ ನೋಡಿ, "ಬಂದ್ಯೇನವ್ವ" ಅಂದರು. ಅಕ್ಕ ಕುಡಿಸಿದ ಗಂಜಿ ಎರಡು ಗುಟುಕು ಇಳಿಯಿತು. ಮರುದಿನ ಬೆಳಗ್ಗೆ ಜೀವ ಹೋಯಿತು, ಮಧ್ಯಾಹ್ನ ಮಣ್ಣು ಮಾಡಿದರು. ನಾವು ಒಂದೇ ಒಂದು ದಿನ ತಡ ಮಾಡಿದ್ದರೆ ಅಕ್ಕನಿಗೆ ತಾಯಿಯ ಮುಖವೂ ಸಿಗುತ್ತಿರಲಿಲ್ಲ.

ಅವತ್ತು ಸಂಜೆ ಮನೆ ತುಂಬ ಜನ ತಲೆ ತಗ್ಗಿಸಿ ಕೂತಿದ್ದಾಗ ಬೀದಿಯ ತುದಿಯಲ್ಲಿ ಹಾರ್ನು ಒದರಿತು. ಒದರಿದ್ದು ನಿಲ್ಲಲೇ ಇಲ್ಲ. ಸಾವಿನ ಸುದ್ದಿ ತಿಳಿಯದ ಭಾವನವರು ಹೊಸ ಹಲಗೆ ಕೂರಿಸಿಕೊಂಡು, ನಮ್ಮನ್ನು ಬೈಯಲೆಂದೇ ಹಿಂದೆ ಬಿದ್ದು ಬಂದಿದ್ದರು. ಕತ್ತಲಾಯಿತೆಂದು ದೀಪದ ಗುಂಡಿ ತಿರುಗಿಸಿದ್ದಾರೆ. ತಂತಿ ಅದಲು ಬದಲಾಗಿ ದೀಪದ ಬದಲು ಹಾರ್ನು ಕೂಗಿಕೊಂಡಿದೆ. ಯಾವ ಗುಂಡಿಯಿಂದ ಈ ಗೋಳು ಎಂದು ಹೊಳೆಯದೆ ಎಲ್ಲವನ್ನೂ ಒತ್ತುತ್ತಾ ಸತ್ತ ಮನೆಯ ಬಾಗಿಲಿಗೇ ಬಂದು ನಿಂತರು. ನನ್ನ ಗಂಡ ಓಡಿಹೋಗಿ ತಂತಿ ಕಿತ್ತ ಮೇಲೆ ಊರು ತಣ್ಣಗಾಯಿತು. ವಿಷಯ ತಿಳಿದು ಭಾವನವರು ಅಯ್ಯೋ ಅಂದರು, ಇಲ್ಲವೆನ್ನುವುದಿಲ್ಲ. ಅನ್ನುತ್ತಲೇ ಹೆಗಲ ವಸ್ತ್ರ ತೆಗೆದು ಬಸವಣ್ಣನ ಮೇಲಿನ ಧೂಳು ಒರೆಸಿದರು. ಅಕ್ಕ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು.

ಕಾರ್ಯವೆಲ್ಲ ಮುಗಿದು ಹೊರಡುವ ದಿನ ಭಾವನವರು ಮೋಟಾರಿನ ಬಾಗಿಲು ತೆಗೆದು ಹಿಡಿದರು. ಊರಿನವರು ನೋಡಲೆಂದು ನೆರೆದಿದ್ದರು.

"ಬಾ, ಕುಂತ್ಕ" ಅಂದರು.

"ನೀವು ಹೋಗ್ರಿ" ಅಂದಳು ಅಕ್ಕ, ಎಲ್ಲರಿಗೂ ಕೇಳುವಂತೆ. "ನಮ್ಮವ್ವನ್ನ ಮಣ್ಣು ಮಾಡಿದ ಧೂಳು ಇನ್ನಾ ನನ್ನ ಸೀರ್ಯಾಗೈತೆ. ನಿಮ್ಮ ಹಲಿಗೆ ಮಾಸೀತು."

ನನ್ನ ಗಂಡ ಎತ್ತುಗಳನ್ನು ಹೂಡಿದರು. ಅಕ್ಕ ಗಾಡಿ ಹತ್ತಿ, ಮೋಟಾರಿಗೆ ಬೆನ್ನು ಹಾಕಿ ಕೂತಳು.