ನಾಳೆ ಎಂದರೆ ಯಾವತ್ತು

ತಂತಿ ಯಾವುದೇ ಇರಲಿ, ಮೊದಲು ಬರುವುದು ತಲೆಸಾಲು. ಯಾವ ಊರಿನಿಂದ, ಯಾವ ತಾರೀಖು, ಎಷ್ಟು ಹೊತ್ತಿಗೆ ಕೊಟ್ಟದ್ದು, ಎಷ್ಟು ಶಬ್ದ. ಎಪ್ಪತ್ತರ ದಶಕದ ಕೊನೆಗೆ ಹುನಗುಂದದ ತಂತಿ ಕಚೇರಿಯಲ್ಲಿ ಯಂತ್ರದ ಕಟಕಟ ಕೇಳುತ್ತ ಅದನ್ನು ಬರೆದುಕೊಳ್ಳುವುದೇ ನನ್ನ ಕೆಲಸ. ಜನರಿಗೆ ಮಾತ್ರ ಆ ಸಾಲು ಬೇಡ. ಕಾಗದ ಕೈಗೆ ಬಂದದ್ದೇ "ಯಾರ್ ಹೋದ್ರಿ?" ಎಂದು ಅಳುವುದಕ್ಕೆ ಸುರು. ಮೊದಲು ತಾರೀಖು ನೋಡಿರಿ, ಆಮೇಲೆ ಅಳುವಿರಂತೆ ಎಂದು ನಾನು ಗದರಿದ್ದೂ ಉಂಟು. ಸಿಡುಕಿ ಎಂದು ಊರೆಲ್ಲ ಹೆಸರಾಗಿತ್ತು. ಆಗಲಿ ಬಿಡಿ.

ಒಂದು ಮುಂಜಾನೆ ಕಚೇರಿ ತೆರೆದ ಕೂಡಲೇ ಬಂದ ತಂತಿ ನಮ್ಮ ಮನೆಯದೇ ಆಗಿತ್ತು. ಹುಬ್ಬಳ್ಳಿಯಿಂದ, ತಮ್ಮನದು. ಅವನು ಮಿಲಿಟರಿ ಸೇರಿದ ಮೇಲೆ ಅವ್ವ ಅವನ ಮುಖ ಕಂಡಿರಲಿಲ್ಲ. ಈಗ ಗಡಿಗೆ ಬದಲಿಯಾಗಿ ಪಟಾಲಮ್ಮಿನ ಜೊತೆ ಹೊರಟಿದ್ದ, ರಜೆ ಇಲ್ಲ. "ನಾಳೆ ಮಧ್ಯಾಹ್ನದ ಗಾಡಿಗೆ ಬಾಗಲಕೋಟೆ ದಾಟುವೆ. ಅವ್ವನನ್ನು ಸ್ಟೇಶನ್ನಿಗೆ ಕರೆತಾ." ಇಷ್ಟೇ. ಗಾಡಿ ಅಲ್ಲಿ ನಿಲ್ಲುವುದೇ ತುಸು ಹೊತ್ತು. ತಪ್ಪಿತೆಂದರೆ ಮತ್ತೆ ಯಾವ ಕಾಲಕ್ಕೋ.

ಪೋಸ್ಟ್‌ಮಾಸ್ತರರು ಇಣುಕಿ ನೋಡಿ, "ಇವತ್ತಿನ ತಾರೀಖ ಐತೆಲ್ರಿ ಬಾಯಾರ. ನಾಳೆ ಅಂದ್ರ ನಾಳೆ. ಆರಾಮ್ ಹೋಗ್ರಿ" ಎಂದರು.

ತಾರೀಖು ಇವತ್ತಿನದೇ ನಿಜ. ಆದರೆ ಕೊಟ್ಟ ವೇಳೆ ರಾತ್ರಿ ಹನ್ನೆರಡೂವರೆ. ಅಲ್ಲಿ ನನ್ನ ಕಣ್ಣು ನಿಂತಿತು. ಕಚೇರಿಯಲ್ಲಿ ದಿನ ಬದಲಾಗುವುದು ನಡುರಾತ್ರಿಗೆ. ನಮ್ಮ ಮನೆಯಲ್ಲಿ ಹಾಗಲ್ಲ. ಅವ್ವ ಎದ್ದು ಬಾಗಿಲಿಗೆ ನೀರು ಹಾಕುವ ತನಕ ನಿನ್ನೆಯ ದಿನವೇ. ಓಣಿಯಲ್ಲಿ ನಸುಕಿಗೆ ಮುಂಚೆ ಹುಟ್ಟಿದ ಕೂಸನ್ನೂ ಹಿಂದಿನ ದಿನದ ಲೆಕ್ಕಕ್ಕೇ ಹಿಡಿಯುತ್ತಿದ್ದರು. ಆ ಲೆಕ್ಕದಲ್ಲಿ ರಾತ್ರಿ ಹನ್ನೆರಡೂವರೆಗೆ 'ನಾಳೆ' ಎಂದು ಬರೆದವನು ಇವತ್ತೇ ಬರುವವನು. ತಿರುಗಿ ಕೇಳೋಣವೆಂದರೆ ಅವನ ವಿಳಾಸವೇ ಇಲ್ಲ. ಹಾಳಾದವನು, ವಾರದ ಹೆಸರೊಂದು ಬರೆದಿದ್ದರೆ ಏನಾಗುತ್ತಿತ್ತು?

ಅರ್ಧ ದಿನದ ರಜೆ ಚೀಟಿ ಮೇಜಿನ ಮೇಲೆ ಒಗೆದು ಮನೆಗೆ ಓಡಿದೆ. ಅವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು.

"ಎಷ್ಟೊತ್ತಿಗೆ ತಾರ ಕೊಟ್ಟಾನ?"

"ರಾತ್ರಿ ಹನ್ನೆರಡೂವರಿಗೆ."

"ಹಂಗಾರ ಇವತ್ತ ಬರ್ತಾನ. ಅವಾ ನನ್ನ ಮಗಾ, ನನ್ನಂಗ ಎಣಸ್ತಾನ. ಏಳ ಏಳ."

ಡಬ್ಬಿಯಲ್ಲಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಂದು ಅರಿವೆಯಲ್ಲಿ ಕಟ್ಟಿಕೊಂಡು ಸ್ಟ್ಯಾಂಡಿಗೆ ಬಂದರೆ ಬಸ್ಸಿಲ್ಲ. ಕೂತೆ, ಎದ್ದೆ, ಕಂಟ್ರೋಲರನ ಜೀವ ತಿಂದೆ. ಕೊನೆಗೆ ಬಂದದ್ದು ಅಮೀನಗಡದಲ್ಲಿ ನಿಂತೇಬಿಟ್ಟಿತು. ಡ್ರೈವರ್ ಚಾ ಕುಡಿಯಲು ಇಳಿದ. ಅವ್ವ ಕರದಂಟು ಕೊಳ್ಳಲು ಹೊರಟಳು. "ಬಸ್ ಹೋದೀತು, ಕುಂಡ್ರ ಬೇ" ಎಂದು ಸೆರಗು ಹಿಡಿದು ಕೂರಿಸಿದೆ. ನನಗೆ ಆ ಬಸ್ಸನ್ನು ಹಿಂದಿನಿಂದ ದೂಡಬೇಕೆನಿಸುತ್ತಿತ್ತು.

ಬಾಗಲಕೋಟೆ ಸ್ಟೇಶನ್ನಿಗೆ ಓಡಿ ಮುಟ್ಟಿದೆವು. ಗಾಡಿ ಬಂತು. ಡಬ್ಬಿ ಡಬ್ಬಿಗೆ ಇಣುಕಿದೆವು, ಹೆಸರು ಹಿಡಿದು ಕೂಗಿದೆ. ತಮ್ಮ ಇಲ್ಲ. ಒಬ್ಬ ಸಿಪಾಯಿಯೂ ಇಲ್ಲ. ಗಾಡಿ ಹೊರಟುಹೋಯಿತು. ನನಗೆ ಅಳು ಬಂತು. ಅವ್ವ ಮಾತ್ರ ಬುತ್ತಿ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಳು.

"ಇನ್ನೊಂದ ನಾಳೆ ಐತೆಲ್ಲ, ನೋಡೂಣು."

ಮರುದಿನದವರೆಗೆ ಅಲ್ಲೇ ಉಳಿದೆವು. ಕಚೇರಿ ಹಾಳಾಗಿ ಹೋಗಲಿ ಎನಿಸಿತು. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ತಿರುಗಿ ತಿರುಗಿ ನನ್ನ ಚಪ್ಪಲಿಯ ಉಂಗುಟ ಕಿತ್ತಿತು. ಮಧ್ಯಾಹ್ನ ಗಾಡಿ ಬಂದಾಗ ಬಾಗಿಲಲ್ಲೇ ನಿಂತಿದ್ದ ತಮ್ಮ, ಕೂದಲು ಸಣ್ಣಗೆ ಕತ್ತರಿಸಿಕೊಂಡು, ಕಪ್ಪಗಾಗಿ.

"ನಿನ್ನೆಯಿಂದ ಬಂದು ಕುಂತೇವಲೇ ನಿನ್ನ ಸಲುವಾಗಿ" ಎಂದೆ.

ಅವನು ನಕ್ಕ. "ನಿನ್ನೆ ಯಾಕ ಬಂದ್ರಿ? ಹನ್ನೆರಡು ಹೊಡದ ಮ್ಯಾಲ ತಾರ ಕೊಟ್ಟೇನಿ. ಹನ್ನೆರಡಕ್ಕ ದಿನಾ ಬದಲಾಗೂದಿಲ್ಲೇನ ಅಕ್ಕಾ? ನೀನ ತಾರ ಆಫೀಸಿನಾಕಿ!"

ಅವ್ವ ಬುತ್ತಿ ಕೊಟ್ಟಳು, ಅವನ ಮುಖ ಸವರಿ ಲಟಿಕೆ ಮುರಿದಳು. ಸೀಟಿ ಊದಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಒಂದೇ ಸಮ ಮಾತಾಡುತ್ತಿದ್ದೆ. ಸಂತೋಷಕ್ಕೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವ್ವ ಕಿಟಕಿಯ ಕಡೆ ಮುಖ ಮಾಡಿದ್ದಳು.

"ಯಾಕ ಬೇ, ಸಿಕ್ಕನಲ್ಲ ಮಗಾ?"

"ಸಿಕ್ಕ" ಎಂದಳು. ಸ್ವಲ್ಪ ದೂರ ಹೋದ ಮೇಲೆ, "ಖರೆ, ಹನ್ನೆರಡಕ್ಕ ದಿನಾ ಬದಲಾಗ್ತೈತಿ ಅಂದ್ನಲ್ಲ ಯವ್ವಾ. ಅವಾ ಇನ್ನ ನಮ್ಮ ಮನ್ಯಾಗ ಇಲ್ಲ."