ಕಸ್ತೂರಕ್ಕನ ಸೈಕಲ್ಲು, ನನ್ನ ಸುಳ್ಳು

ನನಗೂ ಮುಟ್ಟು ನಿಂತಿತ್ತು. ಇಲ್ಲವೆಂದು ಸುಳ್ಳು ಹೇಳಿದೆ — ಗಂಡಸರೆಲ್ಲರ ಎದುರು, ನನ್ನ ನೆಗೆಣ್ಣಿ ಕಸ್ತೂರಕ್ಕನ ಮುಖಕ್ಕೆ ಹೊಡೆದ ಹಾಗೆ. ಆ ಒಂದು ಮಾತಿನಿಂದ ಅವಳ ಸೈಕಲ್ಲು ಹೋಯಿತು, ನಿದ್ದೆಯೂ ಹೋಯಿತು. ಏಳು ವರ್ಷ ನಾನು ಬಾಯಿ ಬಿಡಲಿಲ್ಲ.

ನಮ್ಮದು ಬನಹಟ್ಟಿಯ ನೇಕಾರರ ಮನೆ. ಹಿತ್ತಲಲ್ಲೇ ಪವರ್‌ಲೂಮ್ ಶೆಡ್ಡು. ನಾನು ಎಂ.ಎ. ಓದಿದವಳು, ಜಮಖಂಡಿಯ ಕಾಲೇಜೊಂದರಲ್ಲಿ ಪಾಠ ಹೇಳುವವಳು. ಕಸ್ತೂರಕ್ಕ ನನ್ನ ಗಂಡನ ಅಣ್ಣನ ಹೆಂಡತಿ. ಮದುವೆಗೆ ಮುಂಚೆ ತೇರದಾಳದಲ್ಲಿ ಸೈಕಲ್ ರೇಸಿಗೆ ಇಳಿದವಳು. ಐವತ್ತರ ಹತ್ತಿರ ಬಂದಾಗ ಅವಳಿಗೆ ಮೈಯುರಿ, ಬೆವರು, ರಾತ್ರಿಯಿಡೀ ಎಚ್ಚರ. ಯಾರನ್ನೂ ಕೇಳದೆ ಮಗಳ ಹಳೆಯ ಸೈಕಲ್ಲಿಗೆ ಗಾಳಿ ತುಂಬಿಸಿ, ನಸುಕಿನಲ್ಲೇ ತೇರದಾಳದ ರಸ್ತೆ ಹಿಡಿದಳು. ಕೆಲವೇ ವಾರಗಳಲ್ಲಿ ಮುಖ ತಿಳಿಯಾಯಿತು. "ತುಳದ ದಿನಾ ನಿದ್ದಿ ಬರತೈತಿ ನೋಡ ಸರೂ. ಸತ್ತಂಗ ಮಲಗತೇನಿ," ಎನ್ನುತ್ತಿದ್ದಳು.

ಅದೇ ಕಾಲಕ್ಕೆ ನಾನು — ಅವಳಿಗಿಂತ ಚಿಕ್ಕವಳು, ಆದರೂ ಅದೇ ಉರಿಯವಳು — ಕಾಲೇಜು ಬಿಟ್ಟ ಮೇಲೆ ಜಮಖಂಡಿಯ ಒಬ್ಬ ವೈದ್ಯೆಯ ಬಳಿ ಗುಟ್ಟಾಗಿ ಹೋಗುತ್ತಿದ್ದೆ. ಇದು ರೋಗವಲ್ಲ, ಆದರೆ ಸುಮ್ಮನೆ ಕೂತರೆ ಎಲುಬು ಸವೆಯುತ್ತದೆ, ತೋಳು ತೊಡೆಗಳ ಬಲ ಇಳಿಯುತ್ತದೆ. ಬೆವರುವಷ್ಟು ನಡೆಯಿರಿ, ಭಾರ ಎತ್ತಿರಿ, ಉರಿ ತಡೆಯಲಾಗದಿದ್ದರೆ ಔಷಧಿಯೂ ಇದೆ ಎಂದಿದ್ದರು. ಎಣ್ಣೆಯ ಕ್ಯಾನುಗಳಿಗೆ ನೀರು ತುಂಬಿ, ಕೋಣೆಯ ಬಾಗಿಲು ಹಾಕಿಕೊಂಡು ಎತ್ತುತ್ತಿದ್ದೆ. ಗೋಡೆಯಾಚೆ ಇದ್ದ ಕಸ್ತೂರಕ್ಕನಿಗೆ ಒಂದಕ್ಷರ ಹೇಳಲಿಲ್ಲ.

ಆ ದಿನ ಅವಳು ಶೆಡ್ಡಿನಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಾನು ಚಹಾ ಕೊಡಲು ಹೋಗಿದ್ದೆ. ಮಗ್ಗಗಳು ಓಡುವಾಗ ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು. ಕಿವಿಗೆ ಬಾಯಿ ಹಚ್ಚಿ ಕೂಗಿದ್ದು ಮೂರನೆಯವರಿಗೆ ಕೇಳದು. ನಮ್ಮ ಮನೆಯ ಹೆಂಗಸರ ಗುಟ್ಟಿನ ಮಾತೆಲ್ಲ ನಡೆಯುತ್ತಿದ್ದುದು ಆ ಸದ್ದಿನ ಮರೆಯಲ್ಲೇ. ಅವಳು ನನ್ನ ಕಿವಿಯ ಬಳಿ ಕೂಗಿದಳು — ಆಗಲೇ ಕರೆಂಟ್ ಹೋಗಿ ಮಗ್ಗಗಳೆಲ್ಲ ನಿಂತವು.

"ಏ ಸರೂ, ನಿನಗೂ ಮುಟ್ಟ ನಿಂತೈತೇನ? ಮೈಯಾಗ ಬೆಂಕಿ ಇಟ್ಟಂಗ ಆಕೈತೇನ?"

ಇಡೀ ಶೆಡ್ಡಿಗೆ ಕೇಳಿಸಿತು. ಕರೆಂಟ್ ಅದೇ ಕ್ಷಣಕ್ಕೆ ಹೋಯಿತೋ, ತುಸು ಮುಂಚೆಯೋ — ಇಂಥ ಕಡೆ ನನ್ನ ನೆನಪನ್ನು ನಾನು ನಂಬಲಾರೆ. ಆದರೆ ನಾನು ಅಂದದ್ದು ಮಾತ್ರ ಇದೇ:

"ನನಗ್ಯಾಕ ನಿಂದರತೈತಿ ಅಕ್ಕಾ? ನಿನ್ನಂಗ ಮುದುಕಿ ಆಗೇನೇನ ನಾ?"

ಗಂಡಸರು ನಕ್ಕರು. "ಹಂಗಾರ ವೈನಿಯವರು ಸೈಕಲ್ ಹೊಡಿಯೂದು ಮೈ ಆರಿಸಾಕ ಅನ್ರಿ!" ಎಂದ ಒಬ್ಬ ನೇಕಾರ. ಅಲ್ಲೇ ಇದ್ದ ಭಾವ ನಗಲಿಲ್ಲ. "ನಾಳಿಂದ ಸೈಕಲ್ ಮುಟ್ಟಿದ್ರ ನೋಡ. ವಯಸ್ಸಿಗೆ ತಕ್ಕಂಗ ಇರೂದ ಕಲಿ," ಎಂದು ಹೆಂಡತಿಗೆ ಹೇಳಿದರು. ಸಂಜೆಯೊಳಗೆ ಸೈಕಲ್ಲು ಗುಜರಿಯವನ ಗಾಡಿ ಏರಿತ್ತು.

ಈಗಲೂ ನನ್ನ ಸಿಟ್ಟು ಇಳಿದಿಲ್ಲ. ಮುಧೋಳ ನಾಯಿಯನ್ನು ಎಷ್ಟು ಓಡಿಸಬೇಕು, ಪೈಲ್ವಾನನಿಗೆ ಎಷ್ಟು ಹಾಲು ಕುಡಿಸಬೇಕು — ನಮ್ಮ ಸೀಮೆಯ ಗಂಡಸರಿಗೆ ಎಲ್ಲ ಗೊತ್ತು. ಚಹಾದಂಗಡಿಯಲ್ಲಿ ಕೂತು ಕಂಡವರ ಮಗನ ತೊಡೆಯ ಬಲ ತೂಗುತ್ತಾರೆ. ತಮ್ಮ ಮನೆಯ ಹೆಂಗಸು ತನ್ನ ಮೊಣಕಾಲು ಉಳಿಸಿಕೊಳ್ಳಲು ಸೈಕಲ್ ತುಳಿದರೆ ಇವರ ಮಾನ ಹೋಗುತ್ತದೆಯೇ? ನಿದ್ದೆಯಿಲ್ಲದೆ ಅವಳು ಸಿಡುಕಲು ತೊಡಗಿದಾಗ "ಗಾಳಿ ಸೋಕೈತಿ" ಎಂದು ತಾಯಿತ ತಂದರು. ನಾನು ಅಲ್ಲೇ ಇದ್ದೆ — ಓದಿದವಳು, ಕಾರಣ ಗೊತ್ತಿದ್ದವಳು. ಆ ತಾಯಿತದ ಗಂಟು ಹಾಕಿದ್ದು... ಬಹುಶಃ ನಾನೇ.

ನಗುವವರಿಗೆ ಹೆದರಿ ಸುಳ್ಳಾಡಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಬಂದೆ. ಅಷ್ಟೇ ಆಗಿತ್ತೇ? ನಾನು ಬಾಗಿಲು ಹಾಕಿಕೊಂಡು ಮಾಡುತ್ತಿದ್ದುದನ್ನು ಅವಳು ಊರೆದುರು ಮಾಡುತ್ತಿದ್ದಳು — ಅದನ್ನು ಸಹಿಸಲಾರದೆ...

ಮೊನ್ನೆ ಎಲ್ಲರೂ ಊಟಕ್ಕೆ ಕೂತಾಗ, ಅಂದು ನನಗೂ ಮುಟ್ಟು ನಿಂತಿತ್ತೆಂದು ಹೇಳಿಬಿಟ್ಟೆ. ರೊಟ್ಟಿ ಮುರಿಯುತ್ತಿದ್ದ ಭಾವ, "ಉಣ್ಣೂ ಹೊತ್ತಿನ್ಯಾಗ ಇದೇನ ಹೊಲಸ ಮಾತು?" ಎಂದು ಎದ್ದರು. "ಕೂಡ್ರಿ, ಕೇಳ್ರಿ," ಎಂದೆ. ಕೂಡಲಿಲ್ಲ. ಗೋಡೆ ಹಿಡಿದು ಏಳಲು ನೋಡುತ್ತಿದ್ದ ಕಸ್ತೂರಕ್ಕನಿಗೆ, ಹೊಸ ಸೈಕಲ್ ತರುತ್ತೇನೆ, ವೈದ್ಯೆಯ ಬಳಿ ಕರೆದೊಯ್ಯುತ್ತೇನೆ, ಇನ್ನೂ ತಡವಾಗಿಲ್ಲ, ಇಬ್ಬರೂ ಕೂಡಿ — ಎಂದು ಏನೇನೋ ಬಡಬಡಿಸಿದೆ.

"ಸೈಕಲ್ ಯಾರ ಬೇಡ್ಯಾರ ನಿನ್ನ?" ಎಂದಳು. ಮೊದಲ ಸಲ ಅವಳ ದನಿ ನನ್ನ ಮೇಲೆ ಏರಿತು. "ಅವತ್ತ ಒಂದ ಹೂಂ ಅಂದಿದ್ರ ಸಾಕಿತ್ತಲ್ಲ ಬೇ. ಏಳ ವರ್ಷ, ನನಗ ಹುಚ್ಚ ಹಿಡದೈತಿ ಅಂತ ತಿಳಕೊಂಡಿದ್ನಿ."

ತಾಟು ಎತ್ತಿಕೊಂಡು ಒಳಗೆ ಹೋದಳು. ಕ್ಷಮಿಸು ಎನ್ನಲು ಬಾಯಿ ತೆರೆದೆ — ಅದನ್ನೂ ಅವಳಿಂದಲೇ ಬೇಡುವುದೇ?